ಪಿಸಿವಿ ಪತ್ತೆ ಮಾಡುವುದು ಹೇಗೆ: ಫಂಡಸ್ ಫೋಟೊದಿಂದ ಐಸಿಜಿ ತನಕ

ವಯಸ್ಸಾದವರ ಮ್ಯಾಕ್ಯುಲಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ರೆಟಿನಾ ಪದರದ ನಡುವಿನ ಜಾಗದಲ್ಲಿ, ರಕ್ತವೋ ನೀರೋ ಕಂಡರೆ ಚೀಟಿಯಲ್ಲಿ ಮೊದಲು ಬರುವ ಹೆಸರು ವೆಟ್ ಎಎಂಡಿ (ವಯಸ್ಸಿನಿಂದ ಬರುವ, ಕೆಟ್ಟ ರಕ್ತನಾಳ ಸೋರುವ ಮ್ಯಾಕ್ಯುಲಾ ಕಾಯಿಲೆ). ಕಣ್ಣಿನೊಳಗೆ ಇಂಜೆಕ್ಷನ್ ಶುರುವಾಗುತ್ತದೆ. ಮೂರು ಇಂಜೆಕ್ಷನ್ ಆದ ಮೇಲೂ ನೀರು ಇಳಿಯದಿದ್ದಾಗ, ಇದು ಪಿಸಿವಿ ಇರಬಹುದಾ ಎಂಬ ಪ್ರಶ್ನೆ ಏಳುತ್ತದೆ. ಏಷ್ಯಾದ ಜನರಲ್ಲಿ, ಅಂದರೆ ನಮ್ಮಲ್ಲೂ, ಈ ಕಾಯಿಲೆ ಯುರೋಪ್ ಮೂಲದವರಿಗಿಂತ ಜಾಸ್ತಿ. ಹಾಗಾಗಿ ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು.

ಈ ಮಾರ್ಗದರ್ಶಿ ಕಣ್ಣಿನ ವಿಭಾಗದ ಪಿಜಿ ವಿದ್ಯಾರ್ಥಿಗಳಿಗೆ, ಆಪ್ಟೊಮೆಟ್ರಿಸ್ಟರಿಗೆ, ಸ್ಕ್ಯಾನ್ ಮಾಡುವ ಟೆಕ್ನಿಷಿಯನ್‌ಗಳಿಗೆ. ಅಪ್ಪ ಅಮ್ಮನ ಕಣ್ಣಿನ ರಿಪೋರ್ಟ್ ಕೈಯಲ್ಲಿ ಹಿಡಿದು ಏನೂ ಅರ್ಥವಾಗದೆ ಕೂತವರಿಗೂ ಇದು ಉಪಯೋಗಕ್ಕೆ ಬರಲಿ ಎಂಬ ಆಸೆ ನನಗಿದೆ. ಆದರೆ ಕೊನೆಯ ತೀರ್ಮಾನ ರೆಟಿನಾ ಡಾಕ್ಟರದ್ದೇ.

ಕಾಯಿಲೆ ಏನು?

ಪಿಸಿವಿ ಅಂದರೆ ಪಾಲಿಪಾಯ್ಡಲ್ ಕೋರಾಯ್ಡಲ್ ವ್ಯಾಸ್ಕ್ಯುಲೋಪತಿ. ರೆಟಿನಾದ ಹಿಂದೆ ರಕ್ತನಾಳಗಳೇ ತುಂಬಿರುವ ಪದರ ಕೋರಾಯ್ಡ್. ಎರಡರ ನಡುವೆ ಆರ್‌ಪಿಇ ಎಂಬ ಬಣ್ಣದ ಕೋಶಗಳ ಒಂದೇ ಸಾಲು ಇದೆ. ಅದರ ಕೆಳಗೆ ಬ್ರೂಕ್ಸ್ ಮೆಂಬ್ರೇನ್ ಎಂಬ ತೆಳು ಪೊರೆ. ಪಿಸಿವಿಯಲ್ಲಿ ಕೆಟ್ಟ ರಕ್ತನಾಳಗಳ ಜಾಲವೊಂದು ಆರ್‌ಪಿಇಗೂ ಬ್ರೂಕ್ಸ್ ಮೆಂಬ್ರೇನಿಗೂ ನಡುವೆ ಹರಡಿಕೊಳ್ಳುತ್ತದೆ. ಈ ಜಾಲವನ್ನು ಈಗ ಬಿಎನ್‌ಎನ್ ಎನ್ನುತ್ತಾರೆ. ಹಳೆಯ ಲೇಖನಗಳಲ್ಲಿ ಅದೇ ಬಿವಿಎನ್. ಜಾಲದ ಅಂಚಿನಲ್ಲಿ ನಾಳಗಳು ಉಬ್ಬಿ ಗುಳ್ಳೆಗಳಾಗುತ್ತವೆ. ಕೆಲವೊಮ್ಮೆ ಒಂದೇ ಗುಳ್ಳೆ, ಕೆಲವೊಮ್ಮೆ ದ್ರಾಕ್ಷಿ ಗೊಂಚಲಿನ ಹಾಗೆ ಹಲವು. ಇವೇ ಪಾಲಿಪ್‌ಗಳು. ಇವುಗಳಿಂದ ನೀರು ಸೋರುತ್ತದೆ. ಒಡೆದರೆ ರಕ್ತ ಹರಡುತ್ತದೆ.

ಅಮೆರಿಕದ ರೆಟಿನಾ ತಜ್ಞ ಲಾರೆನ್ಸ್ ಯನ್ನುಝಿ 1982ರಲ್ಲಿ ಮ್ಯಾಕ್ಯುಲಾ ಸೊಸೈಟಿಯ ಸಭೆಯಲ್ಲಿ ಇದನ್ನು ಮೊದಲು ವಿವರಿಸಿದರು. 1990ರಲ್ಲಿ ಅವರ ತಂಡದ ಲೇಖನ ಬಂತು. ಆಗ ಇದನ್ನು ಅಪರೂಪದ ಕಾಯಿಲೆ ಎಂದುಕೊಂಡಿದ್ದರು. ಐಸಿಜಿ ಆಂಜಿಯೋಗ್ರಫಿ (ಐಸಿಜಿ ಎಂಬ ಡೈಯನ್ನು ರಕ್ತಕ್ಕೆ ಕೊಟ್ಟು ಕಣ್ಣಿನ ನಾಳಗಳ ಚಿತ್ರ ತೆಗೆಯುವುದು) ಬಳಕೆಗೆ ಬಂದ ಮೇಲೆ, ಏಷ್ಯಾದಲ್ಲಿ ಇದು ಎಷ್ಟು ಸಾಮಾನ್ಯ ಅನ್ನುವುದು ಗೊತ್ತಾಯಿತು.

ಹೆಸರು ಯಾವುದಾದರೇನು, ಎರಡಕ್ಕೂ ಅದೇ ಇಂಜೆಕ್ಷನ್ ಅಲ್ವಾ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇದೆ. 322 ರೋಗಿಗಳಿದ್ದ ಎವರೆಸ್ಟ್-2 ಅಧ್ಯಯನದಲ್ಲಿ ರಾನಿಬಿಜುಮ್ಯಾಬ್ ಇಂಜೆಕ್ಷನ್ ಜೊತೆಗೆ ಪಿಡಿಟಿ ಲೇಸರ್ (ಬೆಳಕಿಗೆ ಸ್ಪಂದಿಸುವ ಔಷಧ ಕೊಟ್ಟು ಕೆಟ್ಟ ನಾಳಗಳ ಮೇಲೆ ಬೀಳಿಸುವ ಲೇಸರ್) ಕೊಟ್ಟವರಲ್ಲಿ ಒಂದು ವರ್ಷಕ್ಕೆ 69.3% ಜನರ ಪಾಲಿಪ್ ಪೂರ್ತಿ ಮುಚ್ಚಿತ್ತು. ಇಂಜೆಕ್ಷನ್ ಮಾತ್ರ ಪಡೆದವರಲ್ಲಿ ಅದು 34.7%. ದೃಷ್ಟಿಯೂ ಮೊದಲ ಗುಂಪಿನಲ್ಲಿ ಹೆಚ್ಚು ಸುಧಾರಿಸಿತ್ತು: ದೃಷ್ಟಿ ಚಾರ್ಟಿನಲ್ಲಿ 8.3 ಅಕ್ಷರ, ಇನ್ನೊಂದರಲ್ಲಿ 5.1. ಪಾಲಿಪ್ ಎಲ್ಲಿದೆ ಎಂದು ಗೊತ್ತಿದ್ದರೆ ತಾನೇ ಅಲ್ಲಿಗೆ ಪಿಡಿಟಿ ಕೊಡುವುದು?

ಮೊದಲ ಹೆಜ್ಜೆ: ಅನುಮಾನ ಪಡಿ

ಯಂತ್ರದ ಮುಂದೆ ಕೂರಿಸುವ ಮೊದಲು ಕೆಲವು ವಿಷಯ ಗಮನಿಸಿ. ರೋಗಿಯ ವಯಸ್ಸು ಎಎಂಡಿಗೆ ಸ್ವಲ್ಪ ಕಡಿಮೆ ಅನಿಸುತ್ತಿದೆಯಾ, ಐವತ್ತು ಅರವತ್ತರ ಆಸುಪಾಸು? ಎರಡೂ ಕಣ್ಣಿನಲ್ಲಿ ಡ್ರೂಸನ್ (ಆರ್‌ಪಿಇ ಕೆಳಗೆ ಕಟ್ಟುವ ಹಳದಿ ಚುಕ್ಕೆಗಳು) ಕಡಿಮೆ ಇದೆಯಾ? ರಕ್ತ ಬಹಳ ಜಾಸ್ತಿ ಇದೆಯಾ? ಆರ್‌ಪಿಇ ದೊಡ್ಡದಾಗಿ ಉಬ್ಬಿ, ಉಬ್ಬಿನೊಳಗೇ ರಕ್ತ ನಿಂತಿದೆಯಾ? ಈ ಉಬ್ಬಿಗೇ ಪಿಇಡಿ ಎನ್ನುವುದು. ತೊಂದರೆ ಮ್ಯಾಕ್ಯುಲಾದ ನಡುವಲ್ಲಿಲ್ಲದೆ ಆಪ್ಟಿಕ್ ಡಿಸ್ಕ್ (ಕಣ್ಣಿನ ನರ ಹೊರಡುವ ಜಾಗ) ಪಕ್ಕದಲ್ಲಿದೆಯಾ? ಮೂರು ಇಂಜೆಕ್ಷನ್ ಆದರೂ ನೀರು ಹಾಗೇ ಇದೆಯಾ? ಇವುಗಳಲ್ಲಿ ಒಂದೆರಡು ಇದ್ದರೂ ಪಿಸಿವಿ ಹುಡುಕುವುದಕ್ಕೆ ಸಾಕಷ್ಟು ಕಾರಣವಾಯಿತು.

ಡೈ ಹಾಕಬೇಕಾಗಬಹುದು, ಹಾಗಾಗಿ ಇದೇ ಹೊತ್ತಿಗೆ ಅಲರ್ಜಿ, ಆಸ್ತಮಾ, ಲಿವರ್ ಮತ್ತು ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಕೇಳಿ ಬರೆದುಕೊಳ್ಳಿ. ಎರಡೂ ಕಣ್ಣಿಗೆ ಪಾಪೆ ಹಿಗ್ಗುವ ಡ್ರಾಪ್ಸ್ ಹಾಕಿ. ಪಾಪೆ ಸರಿಯಾಗಿ ಹಿಗ್ಗದಿದ್ದರೆ ಮುಂದಿನ ಎಲ್ಲ ಚಿತ್ರಗಳೂ ಮಂಕು.

ಎರಡನೇ ಹೆಜ್ಜೆ: ಬಣ್ಣದ ಫಂಡಸ್ ಫೋಟೊ

ಫಂಡಸ್ ಅಂದರೆ ಕಣ್ಣಿನ ಒಳಗಿನ ಹಿಂಭಾಗ. ಮ್ಯಾಕ್ಯುಲಾ ನಡುವಿಟ್ಟು ಒಂದು, ಡಿಸ್ಕ್ ನಡುವಿಟ್ಟು ಇನ್ನೊಂದು. ಎರಡು ಫೋಟೊ ಬೇಕೇ ಬೇಕು, ಏಕೆಂದರೆ ಡಿಸ್ಕ್ ಸುತ್ತಲಿನ ಪಾಲಿಪ್ ಮ್ಯಾಕ್ಯುಲಾ ಫೋಟೊದ ಅಂಚಿನಲ್ಲಿ ಕಳೆದುಹೋಗುತ್ತದೆ.

ಹುಡುಕಬೇಕಾದ್ದು ಕಿತ್ತಳೆ ಬಣ್ಣದ ಸಣ್ಣ ಗಂಟು. ಪಾಲಿಪ್ ಮೇಲಿನ ಆರ್‌ಪಿಇ ತೆಳುವಾದಾಗ ಹೀಗೆ ಕಾಣುತ್ತದೆ. ಕಂಡರೆ ಬಹಳ ಬೆಲೆಯ ಸುಳಿವು. ಕಾಣದಿದ್ದರೆ ಪಿಸಿವಿ ಇಲ್ಲ ಎಂದು ಬರೆಯಬೇಡಿ, ರಕ್ತದ ಕೆಳಗೆ ಅದು ಅಡಗಿರಬಹುದು. ಲೇಸರ್ ಬಳಸುವ ವೈಡ್ ಫೀಲ್ಡ್ ಕ್ಯಾಮೆರಾಗಳು ಕೊಡುವ ಬಣ್ಣ ನಿಜವಾದ ಬಣ್ಣವಲ್ಲ. ಆ ಚಿತ್ರ ನೋಡಿ ಕಿತ್ತಳೆ ಗಂಟು ಇದೆ, ಇಲ್ಲ ಎಂದು ಹೇಳುವುದು ಅಪಾಯ. ಸಾಧಾರಣ ಫ್ಲ್ಯಾಶ್ ಫಂಡಸ್ ಕ್ಯಾಮೆರಾ, ಇಲ್ಲವೇ 90 ಡಿ ಲೆನ್ಸ್ ಹಿಡಿದು ಕಣ್ಣಾರೆ ನೋಡುವುದು, ಇಲ್ಲಿ ಅದೇ ಮೇಲು.

ಮೂರನೇ ಹೆಜ್ಜೆ: ಒಸಿಟಿ, ಒತ್ತೊತ್ತಾಗಿ

ಒಸಿಟಿ ಅಂದರೆ ರೆಟಿನಾದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುವ ಸ್ಕ್ಯಾನ್. ನನ್ನ ಅಭಿಪ್ರಾಯದಲ್ಲಿ ಪಿಸಿವಿ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಯಂತ್ರ ಚೆನ್ನಾಗಿರುತ್ತದೆ, ಸ್ಕ್ಯಾನ್ ಮಾಡಿದ ರೀತಿ ಸಾಲದು.

ಲೆಕ್ಕ ನೋಡಿ. ಸ್ಪೆಕ್ಟ್ರಾಲಿಸ್ ಯಂತ್ರದ ವೇಗದ ಮ್ಯಾಕ್ಯುಲಾ ಸ್ಕ್ಯಾನ್‌ನಲ್ಲಿ 25 ಗೆರೆ, ಗೆರೆಗೂ ಗೆರೆಗೂ ಸುಮಾರು 240 ಮೈಕ್ರಾನ್ ಅಂತರ. ಸಣ್ಣ ಪಾಲಿಪ್ ನೂರು, ನೂರೈವತ್ತು ಮೈಕ್ರಾನ್ ಅಗಲ ಇರಬಹುದು. ಎರಡು ಗೆರೆಗಳ ನಡುವೆ ಅದು ಆರಾಮಾಗಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅದೇ ಜಾಗದಲ್ಲಿ 97 ಗೆರೆ, ಅಂದರೆ ಸುಮಾರು 60 ಮೈಕ್ರಾನ್ ಅಂತರ ಇಡಿ. ಬೇರೆ ಕಂಪನಿಯ ಯಂತ್ರವಾದರೆ ಅದರಲ್ಲಿ ಸಿಗುವ ಅತಿ ಒತ್ತಾದ ವಾಲ್ಯೂಮ್ ಸ್ಕ್ಯಾನ್ ಆರಿಸಿ. ರೋಗಿಗೆ ಸ್ವಲ್ಪ ಹೊತ್ತು ಜಾಸ್ತಿ ಕೂರಬೇಕಾಗುತ್ತದೆ, ಮೊದಲೇ ಹೇಳಿ. ಮ್ಯಾಕ್ಯುಲಾ ಆದ ಮೇಲೆ ಡಿಸ್ಕ್ ಸುತ್ತಲೂ ಒಂದು ಸ್ಕ್ಯಾನ್, ಫೋಟೊದಲ್ಲಿ ರಕ್ತ ಕಂಡ ಕಡೆಯೆಲ್ಲ ಇನ್ನೊಂದು. ಇಡಿಐ ಮೋಡ್ (ಆಳದ ಪದರಗಳನ್ನು ತೋರಿಸುವ ಸೆಟ್ಟಿಂಗ್) ಹಾಕಿ, ಇಲ್ಲದಿದ್ದರೆ ಕೋರಾಯ್ಡ್ ಸ್ಪಷ್ಟವಾಗಿ ಬರುವುದಿಲ್ಲ.

ಇನ್ನೊಂದು ಮಾತು. ರೋಗಿಗಳು ತರುವ ಒಸಿಟಿ ರಿಪೋರ್ಟ್ ಸಾಮಾನ್ಯವಾಗಿ ಒಂದು ಹಾಳೆ, ಅದರಲ್ಲಿ ಒಂದೋ ಎರಡೋ ಗೆರೆಯ ಚಿತ್ರ. ಆ ಹಾಳೆ ನೋಡಿ ಪಿಸಿವಿ ಅಲ್ಲ ಎನ್ನಬೇಡಿ. ಕಂಪ್ಯೂಟರ್ ಮುಂದೆ ಕೂತು ಪ್ರತಿ ಗೆರೆಯನ್ನೂ ಮೇಲಿನಿಂದ ಕೆಳಗಿನ ತನಕ ಸ್ಕ್ರಾಲ್ ಮಾಡಿ.

ಏನು ಹುಡುಕಬೇಕು? ಮೊದಲನೆಯದು ಚೂಪು ತುದಿಯ ಪಿಇಡಿ. ಸಾಧಾರಣ ಪಿಇಡಿ ಅಗಲವಾಗಿ, ಗುಮ್ಮಟದ ಆಕಾರದಲ್ಲಿರುತ್ತದೆ. ಪಾಲಿಪ್ ಆರ್‌ಪಿಇಯನ್ನು ಕೆಳಗಿನಿಂದ ಒತ್ತಿದಾಗ ಉಬ್ಬಿನ ಬದಿಗಳು ಕಡಿದಾಗುತ್ತವೆ, ಎತ್ತರ ಅಗಲಕ್ಕಿಂತ ಹೆಚ್ಚು ಅನಿಸುತ್ತದೆ. ದೊಡ್ಡ ಪಿಇಡಿಯ ಅಂಚಿನಲ್ಲಿ ಒಂದು ಕಚ್ಚು, ಅದರ ಪಕ್ಕ ಸಣ್ಣ ಉಬ್ಬು ಕಂಡರೆ ಅಲ್ಲೇ ನಿಲ್ಲಿ. ಪಾಲಿಪ್ ಹೆಚ್ಚಾಗಿ ಆ ಮೂಲೆಯಲ್ಲೇ ಇರುತ್ತದೆ.

ಎರಡನೆಯದು ಉಂಗುರ. ಚೂಪಾದ ಉಬ್ಬಿನ ಒಳಗೆ, ಆರ್‌ಪಿಇಯ ಕೆಳಬದಿಗೆ ಅಂಟಿಕೊಂಡಂತೆ, ಬೆಳ್ಳಗಿನ ಅಂಚು ಮತ್ತು ಒಳಗೆ ಕಪ್ಪು ಇರುವ ಗುಂಡಗಿನ ಆಕಾರ. ಬಿಳಿ ಅಂಚು ಪಾಲಿಪ್‌ನ ಗೋಡೆ, ಕಪ್ಪು ಭಾಗ ಅದರ ಒಳಗಿನ ಟೊಳ್ಳು. ಇದು ಕಂಡರೆ ನನಗೆ ಬಹುಮಟ್ಟಿಗೆ ಖಾತ್ರಿಯಾಗುತ್ತದೆ.

ಮೂರನೆಯದು ಎನ್ ಫೇಸ್ ಚಿತ್ರದಲ್ಲಿ ಕಾಣುವ ಆರ್‌ಪಿಇ ಉಬ್ಬಿನ ಒಟ್ಟು ನಕ್ಷೆ. ಎನ್ ಫೇಸ್ ಅಂದರೆ ಅದೇ ಸ್ಕ್ಯಾನ್ ಅನ್ನು ಮೇಲಿನಿಂದ ನೋಡುವುದು. ಒಂದೇ ಗುಂಡಗಿನ ಉಬ್ಬಲ್ಲ, ಒಂದಕ್ಕೊಂದು ಸೇರಿಕೊಂಡ, ಅಂಕುಡೊಂಕು ಅಂಚಿನ, ದೊಡ್ಡ ಚಿಕ್ಕ ಉಬ್ಬುಗಳು ಕಾಣುತ್ತವೆ. ಜಾಲವೂ ಪಾಲಿಪ್‌ಗಳೂ ಸೇರಿ ಆ ಆಕಾರ ಕೊಟ್ಟಿರುತ್ತವೆ.

ಇವು ಮೂರೂ ಮುಖ್ಯ ಗುರುತುಗಳು. ಇವುಗಳ ಜೊತೆಗೆ ಡಬಲ್ ಲೇಯರ್ ಸೈನ್ ನೋಡಿ. ಆರ್‌ಪಿಇ ಸ್ವಲ್ಪವೇ ಎದ್ದು, ಅದಕ್ಕೂ ಬ್ರೂಕ್ಸ್ ಮೆಂಬ್ರೇನಿಗೂ ನಡುವೆ ತೆಳ್ಳಗೆ ಜಾಗ ಬಿಟ್ಟಿರುತ್ತದೆ. ಜಾಲ ಮಲಗಿರುವುದು ಅಲ್ಲಿ. ಆ ಎರಡು ಗೆರೆಗಳನ್ನು ಹಿಡಿದು ಪಕ್ಕಕ್ಕೆ ಹೋಗುತ್ತಿದ್ದರೆ ಅಂಚಿನಲ್ಲಿ ಪಾಲಿಪ್ ಸಿಗುವ ಸಾಧ್ಯತೆ ಹೆಚ್ಚು. ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಕೋರಾಯ್ಡ್ ದಪ್ಪವಾಗಿ, ಅದರ ಹಾಲರ್ ಪದರದ ದೊಡ್ಡ ನಾಳಗಳು ಹಿಗ್ಗಿದ್ದರೆ ಅದನ್ನೂ ಬರೆದುಕೊಳ್ಳಿ. ಆದರೆ ಕೋರಾಯ್ಡ್ ತೆಳ್ಳಗಿದ್ದರೂ ಪಿಸಿವಿ ಇರಬಹುದು, ಅದೊಂದನ್ನೇ ನಂಬಬೇಡಿ.

ನಾಲ್ಕನೇ ಹೆಜ್ಜೆ: ಒಸಿಟಿ ಆಂಜಿಯೋ

ಇದು ಡೈ ಇಲ್ಲದೆ ರಕ್ತದ ಹರಿವನ್ನು ತೋರಿಸುತ್ತದೆ. ಪಿಸಿವಿಯ ಜಾಲ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಪಾಲಿಪ್ ಮಾತ್ರ ಎಷ್ಟೋ ಸಲ ಕಾಣುವುದಿಲ್ಲ, ಏಕೆಂದರೆ ಅದರೊಳಗೆ ರಕ್ತ ನಿಧಾನವಾಗಿ, ಸುತ್ತಿ ಸುತ್ತಿ ಹರಿಯುತ್ತದೆ. ಹಾಗಾಗಿ ಆಂಜಿಯೋದಲ್ಲಿ ಪಾಲಿಪ್ ಕಾಣದಿದ್ದರೆ ಅದಕ್ಕೆ ಅರ್ಥ ಕಟ್ಟಬೇಡಿ. ಇನ್ನೂ ಆಳಕ್ಕೆ ನೋಡುವ ಸ್ವೆಪ್ಟ್ ಸೋರ್ಸ್ ಯಂತ್ರವಿದ್ದರೆ ಸ್ವಲ್ಪ ಅನುಕೂಲ. ಯಂತ್ರ ತಾನೇ ಎಳೆದ ಪದರದ ಗೆರೆಗಳು ಪಿಇಡಿ ಇರುವ ಕಡೆ ಆಗಾಗ ತಪ್ಪಿರುತ್ತವೆ. ಆರ್‌ಪಿಇ ಮತ್ತು ಬ್ರೂಕ್ಸ್ ಮೆಂಬ್ರೇನ್ ಗೆರೆಗಳನ್ನು ಕೈಯಿಂದ ಸರಿಮಾಡಿ, ಆಮೇಲೆ ನೋಡಿ.

ಐದನೇ ಹೆಜ್ಜೆ: ಐಸಿಜಿ ಆಂಜಿಯೋಗ್ರಫಿ

ಪಿಸಿವಿ ಖಚಿತಪಡಿಸಲು ಇಂದಿಗೂ ಮೊದಲ ಸ್ಥಾನ ಇದಕ್ಕೇ. ಕಾರಣ ಡೈಯ ಗುಣದಲ್ಲಿದೆ. ಎಫ್‌ಎಫ್‌ಎ ಎಂಬ ಇನ್ನೊಂದು ಡೈ ಪರೀಕ್ಷೆಗೆ ಬಳಸುವ ಫ್ಲೂರೊಸೀನ್ ಕೋರಾಯ್ಡ್‌ನ ಸಣ್ಣ ನಾಳಗಳಿಂದ ಬೇಗ ಸೋರಿ ಎಲ್ಲವನ್ನೂ ಬೆಳಗಿಸಿಬಿಡುತ್ತದೆ. ಆ ಬೆಳಕಿನಲ್ಲಿ ಪಾಲಿಪ್ ಮುಚ್ಚಿಹೋಗುತ್ತದೆ. ಐಸಿಜಿ ಡೈ ಸುಮಾರು 98% ರಕ್ತದ ಪ್ರೋಟೀನ್‌ಗೆ ಅಂಟಿಕೊಂಡು ನಾಳದೊಳಗೇ ಉಳಿಯುತ್ತದೆ. ಅದು ಸೂಸುವ ಬೆಳಕು 800 ನ್ಯಾನೋಮೀಟರ್‌ಗಿಂತ ಮೇಲಿನ ಇನ್‌ಫ್ರಾರೆಡ್. ಆರ್‌ಪಿಇಯ ಬಣ್ಣವನ್ನೂ ತೆಳುವಾದ ರಕ್ತವನ್ನೂ ದಾಟಿ ಬರುತ್ತದೆ.

ತಯಾರಿ: ಡೈಯಲ್ಲಿ ಸ್ವಲ್ಪ ಅಯೋಡಿನ್ ಅಂಶ ಇರುತ್ತದೆ. ಅಯೋಡಿನ್ ಅಲರ್ಜಿ ಇದ್ದವರಿಗೆ ಕೊಡಬೇಡಿ. ಲಿವರ್ ತೀರಾ ಕೆಟ್ಟವರಲ್ಲಿ ಎಚ್ಚರ, ಏಕೆಂದರೆ ಡೈ ಹೊರಹೋಗುವುದು ಲಿವರ್ ಮೂಲಕ. ಗರ್ಭಿಣಿಯರಲ್ಲಿ ತೀರಾ ಅಗತ್ಯವಿದ್ದರೆ ಮಾತ್ರ. ಥೈರಾಯ್ಡ್‌ನ ರೇಡಿಯೋ ಅಯೋಡಿನ್ ಪರೀಕ್ಷೆ ಇದ್ದರೆ ಒಂದು ವಾರದ ಅಂತರ ಇರಲಿ. ರೋಗಿಯಿಂದ ಒಪ್ಪಿಗೆ ಪತ್ರ ಪಡೆಯಿರಿ. ಐವಿ ಕ್ಯಾನುಲಾ ಹಾಕಿ. ಅಡ್ರಿನಲಿನ್, ಹೈಡ್ರೊಕಾರ್ಟಿಸೋನ್, ಆಕ್ಸಿಜನ್ ಕೈಗೆಟಕುವಲ್ಲಿ ಇರಲಿ. ತೀವ್ರ ರಿಯಾಕ್ಷನ್ ಅಪರೂಪ, ಆದರೆ ಬಂದರೆ ಹುಡುಕಾಡಲು ಸಮಯ ಇರುವುದಿಲ್ಲ. ಫ್ಲೂರೊಸೀನ್ ಕೂಡ ಕೊಡುವುದಾದರೆ ಒಂದು ದಿನ ಮೂತ್ರ ಗಾಢ ಹಳದಿ ಹೋಗುತ್ತದೆ, ಚರ್ಮ ಸ್ವಲ್ಪ ಹಳದಿಯಾಗುತ್ತದೆ, ಗಾಬರಿ ಬೇಡ ಎಂದು ಮೊದಲೇ ತಿಳಿಸಿ. ಹೇಳದೆ ಕಳಿಸಿದರೆ ರಾತ್ರಿ ಮನೆಯವರೆಲ್ಲ ಕಾಮಾಲೆ ಎಂದು ಹೆದರುತ್ತಾರೆ.

ಡೈ ಕರಗಿಸುವುದು: 25 ಮಿಲಿಗ್ರಾಂ ಪುಡಿಯನ್ನು ಜೊತೆಗೆ ಕೊಟ್ಟಿರುವ ಸ್ಟೆರೈಲ್ ನೀರಿನಲ್ಲೇ ಕರಗಿಸಿ. ಸಲೈನ್‌ನಲ್ಲಿ ಕರಗಿಸಬೇಡಿ, ಕಣಕಣವಾಗುತ್ತದೆ. ಕರಗಿಸಿದ ಡೈಯನ್ನು 6 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಪ್ಯಾಕೆಟ್ ಮೇಲಿನ ಸೂಚನೆಯನ್ನೂ ನಿಮ್ಮ ವಿಭಾಗದ ಪದ್ಧತಿಯನ್ನೂ ನೋಡಿಯೇ ಡೋಸ್ ಹಾಕಿ.

ಚಿತ್ರ ತೆಗೆಯುವುದು: ಇನ್‌ಫ್ರಾರೆಡ್‌ನಲ್ಲಿ ಫೋಕಸ್ ಸರಿಮಾಡಿ, ಆಮೇಲೆ ಫೋಕಸ್ ಅನ್ನು ಸ್ವಲ್ಪ ಹಿಂದಕ್ಕೆ, ಕೋರಾಯ್ಡ್ ಕಡೆಗೆ ಸರಿಸಿ. ಡೈಯನ್ನು ಒಂದೇ ಸಲಕ್ಕೆ ವೇಗವಾಗಿ ಕೊಟ್ಟು, ಕೂಡಲೇ 5 ಮಿಲಿ ಸಲೈನ್ ತಳ್ಳಿ. ಡೈ ಒಳಗೆ ಹೋಗುತ್ತಿದ್ದಂತೆ ಟೈಮರ್ ಶುರುವಾಗಬೇಕು. ಮೊದಲ ಅರ್ಧ ನಿಮಿಷ ವಿಡಿಯೋ ತೆಗೆಯಿರಿ. ಪಾಲಿಪ್ ನಾಡಿಯಂತೆ ಮಿಡಿಯುವುದು ವಿಡಿಯೋದಲ್ಲಿ ಮಾತ್ರ ಕಾಣುತ್ತದೆ. ಆಮೇಲೆ 1, 3, 5, 6 ನಿಮಿಷಕ್ಕೆ, ಮುಂದೆ 10 ಮತ್ತು 20 ನಿಮಿಷಕ್ಕೆ ಚಿತ್ರ. ಸಾಧ್ಯವಾದರೆ ಸ್ಟೀರಿಯೋ ಜೋಡಿ ತೆಗೆಯಿರಿ, ಗಂಟಿನ ಎತ್ತರ ಗೊತ್ತಾಗುತ್ತದೆ.

ಸೆನ್ಸಿಟಿವಿಟಿ ಗುಂಡಿಯ ಮೇಲಿಂದ ಬೆರಳು ತೆಗೆಯಬೇಡಿ. ಡೈ ಬರುವ ಮೊದಲು ಅದು ಜಾಸ್ತಿ ಇರಬೇಕು, ನಾಳ ತುಂಬಿದ ಕೂಡಲೇ ಇಳಿಸಬೇಕು. ಇಳಿಸದಿದ್ದರೆ ಚಿತ್ರ ಬೆಳ್ಳಗೆ ಉರಿದು, ಪಾಲಿಪ್ ಸುತ್ತಲಿನ ಕಪ್ಪು ವರ್ತುಲ ಅಳಿಸಿಹೋಗುತ್ತದೆ.

ಓದುವುದು: ಮೊದಲು ಕವಲೊಡೆದ ಜಾಲ ತುಂಬುತ್ತದೆ. ಆಮೇಲೆ ಅದರ ಅಂಚಿನಲ್ಲಿ ಬೆಳಗುವ ಚುಕ್ಕೆಗಳು. ಎವರೆಸ್ಟ್ ಅಧ್ಯಯನದ ನಿಯಮ ಹೀಗಿದೆ. ಡೈ ಕೊಟ್ಟ 6 ನಿಮಿಷದೊಳಗೆ ರೆಟಿನಾದ ಕೆಳಗೆ ಬೆಳಗುವ ಚುಕ್ಕೆ ಕಾಣಬೇಕು. ಜೊತೆಗೆ ಇವುಗಳಲ್ಲಿ ಒಂದಾದರೂ ಇರಬೇಕು: ಕವಲು ಜಾಲ, ಚುಕ್ಕೆಯ ಮಿಡಿತ, ಸ್ಟೀರಿಯೋದಲ್ಲಿ ಗಂಟಿನಂತೆ ಕಾಣುವುದು, ಸುತ್ತ ಕಪ್ಪು ವರ್ತುಲ, ಬಣ್ಣದ ಫೋಟೊದಲ್ಲಿ ಅದೇ ಜಾಗದಲ್ಲಿ ಕಿತ್ತಳೆ ಗಂಟು, ಇಲ್ಲವೇ ಮ್ಯಾಕ್ಯುಲಾ ಕೆಳಗೆ ಡಿಸ್ಕ್‌ನ ನಾಲ್ಕು ಪಟ್ಟಾದರೂ ಜಾಗಕ್ಕೆ ಹರಡಿದ ರಕ್ತ.

ಕೊನೆಯ ಚಿತ್ರಗಳಲ್ಲಿ ಜಾಲದ ಜಾಗ ನಕ್ಷೆಯ ಹಾಗೆ ಮಸುಕಾಗಿ ಬೆಳಗುವುದುಂಟು. ಜಾಲ ಎಲ್ಲಿಯ ತನಕ ಹರಡಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು. ಇನ್ನೂ ಸೋರುತ್ತಿರುವ ಪಾಲಿಪ್ ಕೊನೆಯ ತನಕ ಬೆಳಗಿಯೇ ಇರುತ್ತದೆ. ಸೋರದಿರುವುದರ ನಡುಭಾಗದಿಂದ ಡೈ ತೊಳೆದುಹೋಗಿ ಅಂಚು ಮಾತ್ರ ಉಳಿಯಬಹುದು.

ದಪ್ಪ ರಕ್ತದ ಕೆಳಗೆ ಐಸಿಜಿ ಕೂಡ ಸೋಲುತ್ತದೆ. ಅಲ್ಲಿ ಏನೂ ಕಾಣಲಿಲ್ಲವೆಂದರೆ, ರಕ್ತ ಕರಗಿದ ಮೇಲೆ ಮತ್ತೆ ಮಾಡಬೇಕು ಎಂದು ರಿಪೋರ್ಟ್‌ನಲ್ಲೇ ಬರೆಯಿರಿ. ಪಾಲಿಪ್ ಇಲ್ಲ ಎಂದು ಬರೆದು ಮುಗಿಸಬೇಡಿ.

ಆರನೇ ಹೆಜ್ಜೆ: ಚುಕ್ಕೆಯನ್ನು ಒಸಿಟಿ ಜೊತೆ ತಾಳೆ ನೋಡಿ

ಬೆಳಗುವ ಚುಕ್ಕೆಯೆಲ್ಲ ಪಾಲಿಪ್ ಅಲ್ಲ. ಕೋರಾಯ್ಡ್‌ನ ನಾಳವೊಂದು ಬಾಗಿದ ಕಡೆ, ಎರಡು ನಾಳ ಒಂದರ ಮೇಲೊಂದು ಹಾದ ಕಡೆಯೂ ಚುಕ್ಕೆ ಕಾಣುತ್ತದೆ. ಐಸಿಜಿ ಚುಕ್ಕೆಯ ಮೇಲೆ ಒಸಿಟಿ ಗೆರೆ ಇಟ್ಟು ನೋಡಿ. ಅಲ್ಲಿ ಚೂಪು ಉಬ್ಬು ಅಥವಾ ಉಂಗುರ ಸಿಕ್ಕರೆ ಪಾಲಿಪ್. ಆರ್‌ಪಿಇ ಚಪ್ಪಟೆಯಾಗಿದ್ದರೆ ಮತ್ತೆ ಯೋಚಿಸಿ. ತಿರುಗಿಸಿಯೂ ಮಾಡಿ: ಒಸಿಟಿಯಲ್ಲಿ ಕಂಡ ಪ್ರತಿ ಚೂಪು ಉಬ್ಬನ್ನೂ ಐಸಿಜಿಯಲ್ಲಿ ಹುಡುಕಿ. ಈ ಎರಡೂ ದಿಕ್ಕಿನ ತಾಳೆ ಮಾಡದೆ ನಾನು ಯಾವ ಪಿಸಿವಿ ರಿಪೋರ್ಟನ್ನೂ ಪೂರ್ತಿ ನಂಬುವುದಿಲ್ಲ.

ಪಿಸಿವಿಯಂತೆ ಕಾಣುವ ಬೇರೆ ಕಾಯಿಲೆಗಳೂ ಇವೆ. ರೆಟಿನಾದ ಅಪಧಮನಿಯೇ ಒಂದು ಕಡೆ ಉಬ್ಬಿದರೆ, ಅಂದರೆ ಮ್ಯಾಕ್ರೋಅನ್ಯೂರಿಸಂ ಆದರೆ, ರಕ್ತ ರೆಟಿನಾದ ಮುಂದೆ, ಒಳಗೆ, ಹಿಂದೆ ಮೂರೂ ಕಡೆ ಇರಬಹುದು. ಐಸಿಜಿಯ ಚುಕ್ಕೆ ಅಪಧಮನಿಯ ಮೇಲೇ ಕೂತಿರುತ್ತದೆ. ಟೈಪ್ 3 ಎಎಂಡಿಯಲ್ಲಿ (ರೆಟಿನಾದ ಒಳಗೇ ಕೆಟ್ಟ ನಾಳ ಹುಟ್ಟುವ ಬಗೆ) ಚುಕ್ಕೆಗೆ ರೆಟಿನಾದ ನಾಳದ ಸಂಪರ್ಕ ಇರುತ್ತದೆ, ಒಸಿಟಿಯಲ್ಲಿ ರೆಟಿನಾದ ಒಳಗೆ ನೀರಿನ ಸಿಸ್ಟ್‌ಗಳು ಎದ್ದು ಕಾಣುತ್ತವೆ. ಸಿಎಸ್‌ಸಿಆರ್‌ನಲ್ಲಿ (ಕೋರಾಯ್ಡ್‌ನಿಂದ ಸೋರಿದ ನೀರು ರೆಟಿನಾದ ಕೆಳಗೆ ನಿಲ್ಲುವ ಕಾಯಿಲೆ) ಕೋರಾಯ್ಡ್ ದಪ್ಪ, ನೀರೂ ಇರುತ್ತದೆ, ಆದರೆ ಪಾಲಿಪ್ ಇಲ್ಲ. ಹಳೆಯ ಸಿಎಸ್‌ಸಿಆರ್ ಕಣ್ಣಿನಲ್ಲಿ ಮುಂದೆ ಪಿಸಿವಿ ಹುಟ್ಟುವುದುಂಟು, ಆ ಕಣ್ಣಿನ ಡಬಲ್ ಲೇಯರ್ ಸೈನ್ ಅನ್ನು ಸುಮ್ನೆ ಬಿಡಬೇಡಿ.

ಐಸಿಜಿ ಇಲ್ಲದ ಊರಿನಲ್ಲಿ

ಎಷ್ಟೋ ಊರುಗಳಲ್ಲಿ ಒಸಿಟಿ ಇದೆ, ಫಂಡಸ್ ಕ್ಯಾಮೆರಾ ಇದೆ, ಐಸಿಜಿ ಇಲ್ಲ. ಐಸಿಜಿಗೆಂದೇ ಬೆಂಗಳೂರಿಗೆ ಹೋಗಿ ಬನ್ನಿ ಎಂದರೆ ಒಂದು ದಿನದ ಕೂಲಿ, ಬಸ್ ಚಾರ್ಜ್, ಜೊತೆಗೆ ಬರುವ ಮಗನ ರಜೆ. ಇದನ್ನು ಹಗುರಾಗಿ ಹೇಳುವಂತಿಲ್ಲ.

ಏಷ್ಯಾ ಪೆಸಿಫಿಕ್ ಆಕ್ಯುಲರ್ ಇಮೇಜಿಂಗ್ ಸೊಸೈಟಿಯ ಪಿಸಿವಿ ತಂಡ 2021ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಮೇಲೆ ಹೇಳಿದ ಮೂರು ಒಸಿಟಿ ಗುರುತುಗಳಿವೆಯಲ್ಲ, ಚೂಪು ಪಿಇಡಿ, ಆರ್‌ಪಿಇ ಕೆಳಗಿನ ಉಂಗುರ, ಎನ್ ಫೇಸ್‌ನಲ್ಲಿ ಜಟಿಲ ಉಬ್ಬು, ಈ ಮೂರೂ ಸೇರಿದರೆ ಪಿಸಿವಿಯನ್ನು ಎಎಂಡಿಯಿಂದ ಬೇರೆ ಮಾಡಲು ಬಹಳ ನಂಬಿಕೆಗೆ ಅರ್ಹ ಎಂದು ಅವರು ತೋರಿಸಿದರು. ನಿಖರತೆಯ ಅಳತೆ 1ಕ್ಕೆ 0.90 ಬಂದಿತ್ತು. ಕಿತ್ತಳೆ ಗಂಟು, ಡಬಲ್ ಲೇಯರ್ ಸೈನ್, ದಪ್ಪ ಕೋರಾಯ್ಡ್, ಹಲವು ಹೋಳಿನ ಪಿಇಡಿ ಇವು ಬೆಂಬಲದ ಗುರುತುಗಳು. ನೆನಪಿಡಿ, ಈ ನಿಯಮ ರೂಪಿಸಿದ್ದು ಇನ್ನೂ ಚಿಕಿತ್ಸೆ ಶುರುವಾಗದ ಕಣ್ಣುಗಳಿಗೆ. ಇಂಜೆಕ್ಷನ್ ಬಿದ್ದ ಮೇಲೆ ಉಬ್ಬುಗಳು ಚಪ್ಪಟೆಯಾಗಿ ಗುರುತು ಮಾಸಬಹುದು. ಆದ್ದರಿಂದ ಮೊದಲ ಇಂಜೆಕ್ಷನ್‌ಗೆ ಮುಂಚಿನ ಒತ್ತಾದ ಒಸಿಟಿಗೆ ಬೆಲೆ ಕಟ್ಟಲಾಗದು.

ಮೂರೂ ಗುರುತು ಸಿಕ್ಕರೆ ಪಿಸಿವಿ ಎಂದು ಬರೆದು ಇಂಜೆಕ್ಷನ್ ಶುರು ಮಾಡಬಹುದು, ಐಸಿಜಿಗೆ ಕಾದು ವಾರಗಟ್ಟಲೆ ಕಳೆಯಬೇಕಿಲ್ಲ. ಪಿಡಿಟಿ ಯೋಚಿಸುವಾಗ, ಇಂಜೆಕ್ಷನ್‌ಗೆ ಕಣ್ಣು ಸರಿಯಾಗಿ ಸ್ಪಂದಿಸದಾಗ, ಚಿತ್ರಗಳು ಒಂದಕ್ಕೊಂದು ಹೊಂದದಿದ್ದಾಗ ಮಾತ್ರ ದೊಡ್ಡ ಆಸ್ಪತ್ರೆಗೆ ಕಳಿಸಿ. ಕಳಿಸುವಾಗ ಒಂದು ಹಾಳೆಯ ಪ್ರಿಂಟ್ ಸಾಲದು. ಪೂರ್ತಿ ವಾಲ್ಯೂಮ್ ಸ್ಕ್ಯಾನ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ರೋಗಿಯ ಕೈಗೆ ಕೊಡಿ.

ಚಿಕಿತ್ಸೆಯ ನಂತರದ ಚಿತ್ರಗಳು

ಪ್ರತಿ ಭೇಟಿಯಲ್ಲೂ ಒಸಿಟಿ, ಅದೇ ಜಾಗದಲ್ಲಿ, ಅದೇ ಒತ್ತಿನಲ್ಲಿ. ಯಂತ್ರದ ಫಾಲೋ ಅಪ್ ಮೋಡ್ ಬಳಸಿದರೆ ಗೆರೆಗಳು ಹಳೆಯ ಜಾಗದ ಮೇಲೇ ಬೀಳುತ್ತವೆ. ನೀರು ಇಳಿದಿದೆಯಾ ಎಂದು ನೋಡಿ ಬಿಡಬೇಡಿ, ಪಾಲಿಪ್ ಉಬ್ಬಿನ ಎತ್ತರವನ್ನೂ ನೋಡಿ. ನೀರು ಒಣಗಿದ್ದರೂ ಪಾಲಿಪ್ ತೆರೆದೇ ಇರಬಹುದು. ಅದು ಮುಚ್ಚಿತೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಐಸಿಜಿ. ಪಿಡಿಟಿ ಆದವರಲ್ಲಿ ಮೂರು ತಿಂಗಳ ಹೊತ್ತಿಗೆ ಒಮ್ಮೆ ಮಾಡಿದರೆ, ಇನ್ನೊಂದು ಪಿಡಿಟಿ ಬೇಕೋ ಬೇಡವೋ ನಿರ್ಧರಿಸಬಹುದು.

ಪಾಲಿಪ್ ಮುಚ್ಚಿದರೂ ಜಾಲ ಉಳಿಯುತ್ತದೆ, ಅದರ ಬೇರೆ ಅಂಚಿನಲ್ಲಿ ಹೊಸ ಪಾಲಿಪ್ ಬರಬಹುದು. ಆದ್ದರಿಂದ ಹಳೆಯ ಜಾಗಕ್ಕೇ ಕಟ್ಟುಬೀಳದೆ ಡಬಲ್ ಲೇಯರ್ ಸೈನ್‌ನ ಪೂರ್ತಿ ಅಂಚನ್ನು ಪ್ರತಿ ಸಲ ಸ್ಕ್ರಾಲ್ ಮಾಡಿ. ಇನ್ನೊಂದು ಕಣ್ಣನ್ನೂ, ರೋಗಿ ಅದರಲ್ಲಿ ಏನೂ ತೊಂದರೆ ಇಲ್ಲ ಎಂದರೂ, ಇದೇ ಒತ್ತಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.